ಟಾಮಾ ಎಂದು ಕರೆಸಿಕೊಂಡವನಿಗೆ

ಪಾರ್ಸಿಪನಿ, ಗುರುವಾರ

ಚಿರಂಜೀವಿ ಮೃತ್ಯುಂಜಯನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಮೊನ್ನೆ ಭಾನುವಾರ ಫ್ಲಶಿಂಗ್ ಗಣಪತಿ ಗುಡಿಯ ಕ್ಯಾಂಟೀನಿನಲ್ಲಿ ಅರ್ಧ ದೋಸೆ ಬಿಟ್ಟು ಎದ್ದು ಹೋದೆಯಲ್ಲ, ಆಗ ನಿನ್ನ ನಡಿಗೆ ನೋಡಿದೆ. ಮೊಣಕಾಲು ನೋವು, ಸೊಂಟ ನೋವು ಎಂದು ಬಂದಾಗೆಲ್ಲ ನನ್ನ ಮುಂದೆ ಗೋಳು ಹೇಳುವವನು ಸಬ್‌ವೇ ಕಡೆಗೆ ಎಳೆಗರುವಿನ ಹಾಗೆ ಓಡುತ್ತಿದ್ದೆ. ಆದ್ದರಿಂದ ಕ್ಷೇಮವಾಗಿಯೇ ಇದ್ದೀಯೆ.

ಅವತ್ತಿನಿಂದ ನನ್ನ ಫೋನು ಎತ್ತಿಲ್ಲ. ವಿಜಿಯ ಫೋನು ಎತ್ತಿ, "ನಿಮ್ಮವ್ವ ಬಾಜೂಕ ಕುಂತಾಳೇನ?" ಎಂದು ಮೊದಲು ಕೇಳಿ, ಕುಳಿತಿದ್ದೇನೆ ಎಂದು ಗೊತ್ತಾದ ಕೂಡಲೇ ಇಟ್ಟುಬಿಟ್ಟೆಯಂತೆ. ಅರವತ್ತು ದಾಟಿದ ಗಂಡಸು! ಅದಕ್ಕೇ ಈ ಕಾಗದ. ನನ್ನ ಮಗಳು, ಅಂದರೆ ನಿನ್ನ ಮುದ್ದಿನ ಸೊಸೆ, "ಅಮ್ಮಾ, ಸುಮ್ನೆ ಟೆಕ್ಸ್ಟ್ ಮಾಡು, ಹೂ ರೈಟ್ಸ್ ಲೆಟರ್ಸ್?" ಎಂದಳು. ಬೈಯುವುದಕ್ಕೆ ಜಾಗ ಬೇಕು, ಆ ಫೋನಿನ ಗುಬ್ಬಿಗೂಡಿನಲ್ಲಿ ನನ್ನ ಸಿಟ್ಟು ಹಿಡಿಸುವುದಿಲ್ಲ ಎಂದೆ. ನಾಳೆ ಬೆಳಿಗ್ಗೆ ಅವಳೇ ಡ್ರೈವ್ ಮಾಡಿಕೊಂಡು ಬಂದು ನಿನ್ನ ಕೈಗೆ ಕೊಡುತ್ತಾಳೆ. ನೀನು ಓದಿ ಮುಗಿಸುವವರೆಗೆ ಬಾಗಿಲಿಂದ ಕದಲಬೇಡ ಎಂದು ಹೇಳಿದ್ದೇನೆ. ನಿನ್ನ ಮಾಮಾ ಪೇಪರಿನ ಹಿಂದಿನಿಂದ, "ಅಕಿ ಬೈದ್ರ ಅವಗ ಊಟ ಸೇರಂಗಿಲ್ಲ, ಬೈಲಿಲ್ಲಂದ್ರ ನಿದ್ದಿ ಬರಂಗಿಲ್ಲ" ಎಂದು ಗೊಣಗಿದರು. ಅವರಿಗೂ ಒಂದು ಪಾಲು ಕೊಟ್ಟು ಬಂದು ಬರೆಯಲು ಕುಳಿತಿದ್ದೇನೆ.

ವಿಷಯ ನಿನಗೆ ಗೊತ್ತು. ನಿನ್ನ ಜೊತೆ ಬಾರಿಸುತ್ತಿದ್ದ ಟೋನಿ ತೀರಿಕೊಂಡು ಒಂದು ಚಳಿಗಾಲ ಕಳೆಯಿತು. ನ್ಯೂಅರ್ಕಿನ ಪಾರ್ಕಿನಲ್ಲಿ ಪ್ರತಿ ಬೇಸಿಗೆ ಅವನ ಬ್ಯಾಂಡು ಬಾರಿಸುವ ಶನಿವಾರ ನಾಡಿದ್ದು ಬರುತ್ತದೆ. ಟೋನಿಯ ಮಗಳು ಅಪ್ಪ ಬಾರಿಸುತ್ತಿದ್ದ ಪೇಟಿಯನ್ನು ತಾನು ಕೊರಳಿಗೆ ಹಾಕಿಕೊಳ್ಳುತ್ತೇನೆ, ಆದರೆ ನಡುವೆ ನಿಂತು ಹಾಡಿ ನಡೆಸುವವರು ನೀವೇ ಆಗಬೇಕು ಎಂದು ನಿನ್ನನ್ನು ಕೇಳಿದಳು. ನೀನು ಆಗುವುದಿಲ್ಲ ಎಂದೆ. ನೀನು ನಿಲ್ಲದಿದ್ದರೆ ಆ ಹೊತ್ತನ್ನು ಬೇರೆ ಬ್ಯಾಂಡಿಗೆ ಕೊಡುತ್ತಾರೆ, ಟೋನಿಯ ಬ್ಯಾಂಡು ಅಲ್ಲಿಗೆ ಮುಗಿಯುತ್ತದೆ. ಆ ಹುಡುಗಿ ನನ್ನ ಮನೆಗೆ ಬಂದು, ಇಡೀ ದಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ದಣಿದ ಮುಖದಲ್ಲೇ ನನ್ನ ಅಡುಗೆಮನೆಯಲ್ಲಿ ಕುಳಿತು, "ಮಿಸ್ ಅಕ್ಕಾ, ನೀವಾದರೂ ಹೇಳಿ" ಎಂದಳು. ಅದನ್ನು ಹೇಳುವುದಕ್ಕೇ ನಾನು ಫ್ಲಶಿಂಗಿಗೆ ಬಂದದ್ದು. ನೀನು ಮಾತು ಮುಗಿಯುವುದಕ್ಕೂ ಬಿಡಲಿಲ್ಲ.

ಈಗ ಮುಗಿಸುತ್ತೇನೆ. ಆದರೆ ಮೊದಲಿಂದ ಹೇಳುತ್ತೇನೆ. ನಿನ್ನ ಮೇಲೆ ನನಗಿರುವ ಸಿಟ್ಟು ಈ ಭಾನುವಾರದ್ದಲ್ಲ.

ಅವ್ವನ ಕಾರ್ಯ ಮುಗಿಸಿ ಗದಗಿನ ಮನೆಗೆ ಬೀಗ ಹಾಕಿ ನಿನ್ನನ್ನು ಇಲ್ಲಿಗೆ ಕರೆತಂದವಳು ನಾನು. ಯಾಕೆ ತಂದೆ? ನಾಟಕ ಕಂಪನಿಯ ಪೇಟಿ ಈಶಣ್ಣ ಮಾಸ್ತರನ ಮಗನಿಗೆ ಅಪ್ಪನ ಗಾಳಿ ಸೋಕಬಾರದು ಎಂದು ತಂದೆ. ಹಾರ್ಮೋನಿಯಮ್ಮಿನ ಸದ್ದು ಸಮುದ್ರ ದಾಟಿ ಬರುವುದಿಲ್ಲ ಎಂದು ನಂಬಿದ್ದೆ. ಕಾಲೇಜಿಗೆ ಸೇರಿಸಿ ನಕ್ಷೆ ಬರೆಯುವ ಡ್ರಾಫ್ಟಿಂಗ್ ಕಲಿಯಲು ಹಚ್ಚಿದೆ. ನೀನು ಕಲಿತೆ ಕೂಡ. ಒಳ್ಳೆಯ ಕಂಪನಿಯಲ್ಲಿ ಕುರ್ಚಿ, ಮೇಜು, ಕಿಟಕಿ ಎಲ್ಲ ಸಿಕ್ಕಿತ್ತು. ಆ ಕಿಟಕಿಯ ಕೆಳಗೆ ಇದ್ದದ್ದು ಹಳೆಯ ಸಾಮಾನಿನ ಅಂಗಡಿ. ಅದರ ಗಾಜಿನೊಳಗೆ ತೂಗುಹಾಕಿದ್ದು ಗಿಟಾರು. ನಾಲ್ಕಾರು ತಿಂಗಳಲ್ಲಿ ಕುರ್ಚಿ ಹೋಯಿತು, ಗಿಟಾರು ಮನೆಗೆ ಬಂತು.

ಬಂದದ್ದು ಬರಲಿ ಎಂದು ಸುಮ್ಮನಿದ್ದೆ. ಆದರೆ ಅವ್ವನ ಊದುಗೊಳವೆಗೆ ಕೈ ಹಾಕಿದೆಯಲ್ಲ, ಅದನ್ನು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ. ಗದಗಿನ ಮನೆಯಿಂದ ನಾನು ತಂದ ಒಂದೇ ಸಾಮಾನು ಅದು. ಅವ್ವ ಒಲೆಯ ಮುಂದೆ ಕುಳಿತು ಕೆಂಡ ಊದುತ್ತಿದ್ದ ಹಿತ್ತಾಳೆಯ ಕೊಳವೆ. ಇಲ್ಲಿ ಒಲೆಯೂ ಇಲ್ಲ, ಕೆಂಡವೂ ಇಲ್ಲ. ಆದರೂ ದೇವರ ಮಾಡದ ಪಕ್ಕದಲ್ಲಿ ಇಟ್ಟಿದ್ದೆ. ಒಂದು ದಿನ ನೋಡುತ್ತೇನೆ, ಒಂದು ತುದಿಯಿಂದ ಬೆರಳುದ್ದ ತುಂಡು ಮಾಯ! ನೀನು ಗರಾಜಿನಲ್ಲಿ ಕುಳಿತು, ಆ ತುಂಡನ್ನು ಕಿರುಬೆರಳಿಗೆ ತೊಡಿಸಿಕೊಂಡು, ಗಿಟಾರಿನ ತಂತಿಯ ಮೇಲೆ ಅತ್ತಿಂದಿತ್ತ ಜಾರಿಸುತ್ತಿದ್ದೆ. ತಂತಿ ಮನುಷ್ಯರ ಹಾಗೆ ನರಳುತ್ತಿತ್ತು. "ಅಕ್ಕಾ, ಮಂದಿ ಇದಕ್ಕ ಬಾಟ್ಲಿ ಕೊರಳು ಒಡದು ಹಾಕ್ಕೋತಾರ. ಅವ್ವನ ಹಿತ್ತಾಳಿ ಎಷ್ಟ್ ಚಂದ ಅಳತೈತಿ ಕೇಳು" ಎಂದೆ. ನಾನು ಪೊರಕೆ ತೆಗೆದುಕೊಂಡೆ. ನಿನ್ನ ಮಾಮಾ ನಡುವೆ ಬಾರದಿದ್ದರೆ ಅವತ್ತೇ ನಿನ್ನ ಗಿಟಾರು ಎರಡಾಗುತ್ತಿತ್ತು.

ಬ್ಲೂಸ್ ಎಂದೆ ನೀನು. ಅದೇನು ಎಂದು ನಾನು ಕೇಳಿದೆ. ದುಃಖ ಹಾಡುವುದು ಎಂದೆ. ನಮ್ಮ ಕಡೆ ದುಃಖ ಹಾಡುವುದಕ್ಕೆ ಯಾರಾದರೂ ಸತ್ತಿರಬೇಕು, ನಿನಗೆ ಇಲ್ಲಿ ಉಪ್ಪು ಖಾರ ಏನು ಕಡಿಮೆಯಾಗಿದೆ ಎಂದು ಕೇಳಿದೆ. ನೀನು ಗಿಟಾರು ಹೆಗಲಿಗೇರಿಸಿ ಹೊರಟೆ. ನ್ಯೂಅರ್ಕ್, ಈಸ್ಟ್ ಆರೆಂಜ್, ಹಾರ್ಲೆಮ್, ಎಲ್ಲೆಲ್ಲಿಯ ಬಾರುಗಳಲ್ಲಿ ಯಾರ್ಯಾರದೋ ಹಿಂದೆ ಕುಳಿತು ಬಾರಿಸಿದೆ. ನಿನ್ನ ಬಟ್ಟೆಯ ಸಿಗರೇಟು ವಾಸನೆ ಹೋಗಿಸಲು ನಾನು ಎಷ್ಟು ಸಲ ವಾಷಿಂಗ್ ಮಷೀನ್ ತಿರುಗಿಸಿದ್ದೇನೆ ಎಂದು ಆ ಮಷೀನನ್ನೇ ಕೇಳು.

ಆಮೇಲೆ ಟೋನಿ ಬಂದ.

ಹಿಮ ಬೀಳುತ್ತಿದ್ದ ಸಂಜೆ ಅದು. ಒಂದು ದೊಡ್ಡ ವ್ಯಾನು ನಮ್ಮ ಮನೆಯ ಮುಂದೆ ನಿಂತಿತು. ಲೂಸಿಯಾನಾದಿಂದ ಬಂದು ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಆನೆಯಂಥ ಕರಿಯ ಮನುಷ್ಯ, ತಲೆಯ ಮೇಲೆ ಹ್ಯಾಟು, ಬಾಯಿ ತುಂಬ ನಗು. ಕ್ಯಾಥೊಲಿಕ್ ಚರ್ಚಿನ ಹಾಲಿನಲ್ಲಿ ಅವರ ಊರಿನ ಜನ ಕುಣಿಯುವುದಕ್ಕೆ ಅವನು ಪೇಟಿ ಬಾರಿಸುತ್ತಿದ್ದನಂತೆ. ಅಕಾರ್ಡಿಯನ್ ಎಂದು ನೀನು ತಿದ್ದಿದೆ. ನನಗೆ ಅದು ಪೇಟಿಯೇ, ನೆಲದಿಂದ ಎದ್ದು ಮನುಷ್ಯನ ಕೊರಳಿಗೆ ಬಿದ್ದ ಪೇಟಿ. ಚರ್ಚಿನ ಮುಂದೆ ಹಾದುಹೋಗುವಾಗ ನೀನು ಆ ಸದ್ದು ಕೇಳಿ ರಸ್ತೆಯಲ್ಲೇ ನಿಂತುಬಿಟ್ಟೆಯಂತೆ. ಯಾಕೆ ನಿಂತೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಅಷ್ಟು ದೂರ ತಂದು ಬಿಟ್ಟರೂ ಅಪ್ಪನ ಗಾಳಿ ವಿಳಾಸ ಹುಡುಕಿಕೊಂಡು ಬಂದಿತ್ತು.

ನಾನು ಬಾಗಿಲಲ್ಲಿ ನಿಂತು, "ತಮ್ಮಾ, ಥಂಡಿಯಾಗ ಯಾಕ್ ನಿಂತಿ, ಒಳಗ ಬಾ" ಎಂದು ಕೂಗಿದೆ. ನೀನು, "ಬಂದೆ ಅಕ್ಕಾ" ಎಂದೆ. ಆ ಮನುಷ್ಯ ಹ್ಯಾಟು ತೆಗೆದು ನನಗೆ ಬಾಗಿ, "ಥ್ಯಾಂಕ್ ಯೂ ಮಿಸ್ ಅಕ್ಕಾ, ಟಾಮಾ ಈಸ್ ಅ ಗುಡ್ ಬಾಯ್" ಎಂದ. ಅವನ ಊರಿನಲ್ಲಿ ದೊಡ್ಡ ಹೆಂಗಸರನ್ನು ಹೆಸರಿನ ಮೊದಲು ಮಿಸ್ ಹಚ್ಚಿ ಕರೆಯುವುದು ಮರ್ಯಾದೆಯಂತೆ. ಅಲ್ಲಿಗೆ ನನ್ನ ಹೆಸರು ಅಕ್ಕಾ, ನಿನ್ನ ಹೆಸರು ಟಾಮಾ. ನನ್ನ ಹೆಸರು ಮೃತ್ಯುಂಜಯ ಎಂದು ಹೇಳಿಕೊಡಬೇಕಾದವನು ನೀನು. ಅಲ್ಲೇ, ಆ ಹಿಮದಲ್ಲೇ ಹೇಳಬೇಕಿತ್ತು. ನೀನು ನಕ್ಕುಬಿಟ್ಟೆ.

ಆ ನಗೆಗೆ ನಾನು ಇವತ್ತಿನವರೆಗೆ ಬೆಲೆ ತೆರುತ್ತಿದ್ದೇನೆ. ಪೋಸ್ಟರಿನಲ್ಲಿ ಟಾಮಾ. ರೆಕಾರ್ಡಿನ ಹಿಂದೆ ಟಾಮಾ. ಪಾರ್ಕಿನಲ್ಲಿ ಬಿಯರ್ ಕುಡಿದ ಹೆಂಗಸರು ಕೈ ಎತ್ತಿ, "ಟಾಮಾ! ಟಾಮಾ!" ಎಂದು ಕಿರುಚುತ್ತಾರೆ ಎಂದು ವಿಜಿ ಹೇಳುತ್ತಾಳೆ. ನಿನ್ನನ್ನು ತಮ್ಮಾ ಎಂದು ಕರೆಯುವ ಹಕ್ಕು ಈ ಭೂಮಿಯ ಮೇಲೆ ಒಬ್ಬಳಿಗಿತ್ತು. ಹೆತ್ತವಳು ಕೂಡ ಹಾಗೆ ಕರೆಯಲಿಲ್ಲ. ಅದನ್ನು ನೀನು ಊರಿಗೆಲ್ಲ ಹಂಚಿದೆ. ಆ ಸಂಗೀತದ ಪತ್ರಿಕೆಯವನು ಒಮ್ಮೆ, "ಲೂಸಿಯಾನಾದ ಗದ್ದೆಗಳಲ್ಲಿ ಬೆಳೆದ ಟಾಮಾನ ಬೆರಳುಗಳು" ಎಂದು ಬರೆದಾಗ ನಿನಗೆ ಏನೂ ಅನ್ನಿಸಲಿಲ್ಲ. ನಾನೇ ವಿಜಿಯಿಂದ ಅವನ ಆಫೀಸಿಗೆ ಫೋನು ಮಾಡಿಸಿದೆ. "ನನ್ನ ತಮ್ಮ ಬೆಳೆದದ್ದು ಗದಗಿನಲ್ಲಿ, ಅಲ್ಲಿ ಗದ್ದೆ ಇಲ್ಲ, ಎರೆಹೊಲ ಇದೆ, ಜೋಳ ಬೆಳೆಯುತ್ತದೆ, ಬರೆದುಕೊ" ಎಂದೆ. ಅವನು ಬರೆದುಕೊಂಡನೋ ಇಲ್ಲವೋ. ವಿಜಿ ನಾಚಿಕೆಯಿಂದ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಟೋನಿಯ ಮೇಲೂ ನನಗೆ ಸಿಟ್ಟಿತ್ತು, ಸತ್ತವನೆಂದು ಮುಚ್ಚಿಡುವುದಿಲ್ಲ. ಆದರೆ ಅವನು ಉಣ್ಣುವುದನ್ನು ನೋಡಿದರೆ ಸಿಟ್ಟು ನಿಲ್ಲುತ್ತಿರಲಿಲ್ಲ. ರೊಟ್ಟಿಯನ್ನು ಮುರಿದು, ಪಲ್ಯ ಸುತ್ತಿ, ಕಣ್ಣು ಮುಚ್ಚಿ ತಿನ್ನುತ್ತಿದ್ದ. ಒಂದು ಸಲ ಹುರುಳಿಕಾಯಿ ಪಲ್ಯ ಬಡಿಸಿದಾಗ, ನೀವು ಬಾರಿಸುವ ಆ ಜೈಡಿಕೊ ಎಂಬ ಹೆಸರು ಹುರುಳಿಕಾಯಿಗೆ ಅವರು ಹೇಳುವ ಫ್ರೆಂಚ್ ಮಾತಿನಿಂದಲೇ ಬಂದದ್ದು ಎಂದು ಸಂಭ್ರಮದಿಂದ ಹೇಳಿದ. "ಸಂಗೀತಕ್ಕ ಕಾಯಿಪಲ್ಯದ ಹೆಸರಿಟ್ಟವರ ಕೂಡ ನನ್ನ ತಮ್ಮ ಅಡ್ಡಾಡತಾನ" ಎಂದೆ. ವಿಜಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಮನುಷ್ಯ ನಗುತ್ತ ನಗುತ್ತ ನನ್ನ ಕುರ್ಚಿಯ ಕಾಲು ಮುರಿದ.

ಆಮೇಲಿನದೆಲ್ಲ ನಿನ್ನ ಜೀವನವಲ್ಲ, ವ್ಯಾನಿನ ಜೀವನ. ಮದುವೆ ಮನೆ, ಚರ್ಚಿನ ಹಾಲು, ಸಮುದ್ರದಂಡೆಯ ಹೋಟೆಲು, ಮಳೆಯಲ್ಲಿ ನೆನೆದ ಮೈದಾನ. ವಸಂತ ಬಂದರೆ ಲೂಸಿಯಾನಾದವರೆಗೆ ರಸ್ತೆಯ ಮೇಲೆ. ಎದೆಗೆ ತಗಡು ಕಟ್ಟಿಕೊಂಡು ಚಮಚದಿಂದ ಗೀರುವವನೊಬ್ಬ, ಡ್ರಮ್ಮಿನವನೊಬ್ಬ, ನಡುವೆ ಪೇಟಿಯ ಟೋನಿ, ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನೀನು. ನಾನು ಇಟ್ಟುಕೊಂಡ ಫೋಟೋಗಳಲ್ಲೆಲ್ಲ ನೀನು ಅಲ್ಲೇ. ಟೋನಿಯ ಭುಜ ನಿನ್ನ ಅರ್ಧ ಮುಖ ಮುಚ್ಚಿರುತ್ತದೆ. ನಾನು ತಂದ ಹೆಣ್ಣುಗಳನ್ನೂ ನೀನು ಹೀಗೇ ಒಂದು ಹೆಜ್ಜೆ ಹಿಂದೆ ನಿಂತು ನೋಡಿ, ಮದುವೆಯೂ ಇಲ್ಲದೆ ಉಳಿದೆ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಪ್ಲೇನ್ಸ್‌ಬರೋದ ತಾರಿಣಿ ಒಮ್ಮೆ, ಎಲ್ಲರೂ ಕೇಳುವ ಹಾಗೆ, "ಆಂಟಿ, ನಿಮ್ಮ ಬ್ರದರ್ ಏನ್ ಮಾಡ್ತಾರೆ?" ಎಂದಳು. "ಗಿಟಾರ್ ಬಾರಿಸ್ತಾನ" ಎಂದೆ. "ಅಲ್ಲ, ಅದು ಹಾಬಿ. ಕೆಲಸ?" ಎಂದಳು. "ಅದೇ ಕೆಲಸ. ನಿನ್ನ ಗಂಡ ಆಫೀಸಿನಾಗ ಕುಂತು ಬಟನ್ ಒತ್ತಿದ್ರ ಯಾರರ ಎದ್ದು ಕುಣಿತಾರೇನ?" ಎಂದೆ. ನಿನ್ನ ಕೆಲಸವನ್ನು ನಾನು ಯಾರ ಮುಂದೆಯೂ ಬಚ್ಚಿಟ್ಟವಳಲ್ಲ. ಮನೆಯೊಳಗೆ ಬೈಯುತ್ತೇನೆ, ಹೊರಗೆ ತಲೆ ತಗ್ಗಿಸುವುದಿಲ್ಲ. ನೀನು ಮಾತ್ರ ಹೊರಗೇ ತಲೆ ತಗ್ಗಿಸಿದೆ.

ಆ ನಿಧಾನದ ಹಾಡಿನ ವಿಷಯವನ್ನೇ ತೆಗೆದುಕೋ. ನಿಮ್ಮ ಬ್ಯಾಂಡಿಗೆ ಹೆಸರು ತಂದದ್ದೇ ಅದು. ಮುದುಕ ಮುದುಕಿಯರು ಕೈ ಹಿಡಿದು ತಿರುಗುತ್ತಾರಂತೆ. ವಿಜಿಯ ಕಾರಿನಲ್ಲಿ ಹೈವೇ ಮೇಲೆ ಹೋಗುವಾಗ ಮೊದಲ ಸಲ ಕೇಳಿದೆ. ಕೇಳಿದ್ದೇ ನನ್ನ ಕೈ ತಾನಾಗಿ ತೊಡೆಯ ಮೇಲೆ ತಿರುಗತೊಡಗಿತು, ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ. ಅವ್ವ ಜೋಳ ಬೀಸುವಾಗ ತನ್ನಷ್ಟಕ್ಕೆ ಗುನುಗುತ್ತಿದ್ದ ಧಾಟಿ ಅದು. ಮಾತಿಲ್ಲದ ಧಾಟಿ. ಅವಳ ಕಾಲ ಮೇಲೆ ಮಲಗಿ ಕೇಳಿದ್ದನ್ನು ನೀನು ಅಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದೆ? ಕಾರು ನಿಲ್ಲಿಸು ಎಂದೆ. ವಿಜಿ ಹೆದರಿ, "ಎದೆ ನೋವಾ?" ಎಂದಳು. ರೆಕಾರ್ಡಿನ ಹಿಂದೆ ಹಾಡು ಕಟ್ಟಿದವರ ಹೆಸರು ಓದಿಸಿದೆ. ಟೋನಿಯ ಹೆಸರು ಒಂದೇ.

ಅವತ್ತು ಟೋನಿಗೆ ಫೋನು ಮಾಡಿ ಸರಿಯಾಗಿ ಝಾಡಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ಏನು ಹೇಳಿದ ಗೊತ್ತೇ? "ಮಿಸ್ ಅಕ್ಕಾ, ನಾನು ಟಾಮಾನ ಹೆಸರೇ ಬರೆಯಿಸಿದ್ದೆ. ಅವನೇ ಹೊಡೆದು ಹಾಕಿದ. ಪ್ರತಿ ಆಟದಲ್ಲಿ ಇದು ಟಾಮಾನ ತಾಯಿಯ ಹಾಡು ಎಂದು ನಾನು ಮೈಕಿನಲ್ಲಿ ಹೇಳುತ್ತೇನೆ, ಅವನು ನನ್ನ ಹಿಂದೆ ಸರಿದು ಶೂ ನೋಡುತ್ತ ನಿಲ್ಲುತ್ತಾನೆ." ಕದ್ದವನಿದ್ದರೆ ಬೈಯಬಹುದು. ತನ್ನದನ್ನು ತಾನೇ ಬಿಸಾಡುವವನಿಗೆ ಏನು ಮಾಡುವುದು?

ಆಸ್ಪತ್ರೆಯಲ್ಲಿ ಅವನನ್ನು ಕೊನೆಯ ಸಲ ನೋಡಲು ಹೋದಾಗ ನೀನು ಕಾಫಿ ತರಲು ಕೆಳಗೆ ಹೋಗಿದ್ದೆ. ಆನೆಯಂಥ ಮನುಷ್ಯ ಹಾಸಿಗೆಯ ಒಂದು ಮೂಲೆಗೆ ಬಂದಿದ್ದ. ನನ್ನ ಕೈ ಹಿಡಿದು, ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದ. ಅವನ ಇಂಗ್ಲಿಷು ನನಗೆ ಅರ್ಧವೇ ತಿಳಿಯುವುದು, ಅವತ್ತು ಪೂರ್ತಿ ತಿಳಿಯಿತು. "ನನ್ನ ಎಲ್ಲ ಹಾಡೂ ಅವನಿಗೆ ಬರುತ್ತವೆ. ಅವನ ಗಂಟಲು ನನಗಿಂತ ಚೆನ್ನಾಗಿದೆ. ನಾನಿರುವವರೆಗೆ ನನ್ನ ಹಿಂದೆ ಅಡಗಿಕೊಂಡ. ಇನ್ನು ಅಡಗಲು ಜಾಗವಿಲ್ಲ, ಹೇಳಿ ಅವನಿಗೆ." ಇದನ್ನು ನಿನಗೆ ಭಾನುವಾರ ಹೇಳಬೇಕೆಂದೇ ಬಂದಿದ್ದೆ. ಅಲ್ಲಿಯವರೆಗೆ ಬರುವ ಮೊದಲೇ ನೀನು ಅಪ್ಪನನ್ನು ನಡುವೆ ತಂದೆ.

"ನಾ ಸಾಥ್ ಕೊಡಾಂವ ಅಕ್ಕಾ. ಮುಂದ ನಿಂದ್ರಾಂವ ಅಲ್ಲ. ಅಪ್ಪ ಏನ್ ಹೇಳ್ತಿದ್ದ? ಸಾಥ್ ಕೊಡಾಂವ ಹಾಡಾಂವನ ನೆಳ್ಳಿನಾಗ ಕುಂದ್ರಬೇಕು, ಅದ ಅವನ ಧರ್ಮ ಅಂತಿದ್ದ." ಇದನ್ನು ಹೇಳುವಾಗ ನಿನ್ನ ಮುಖದಲ್ಲಿ ಏನು ಭಕ್ತಿ! ಜಂಗಮರ ಪಾದೋದಕ ತೆಗೆದುಕೊಳ್ಳುವಾಗಲೂ ನಿನ್ನಲ್ಲಿ ಅಷ್ಟು ಭಕ್ತಿ ಕಂಡಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಸಾಥ್ ಅಂತ ಸಾಥ್! ನಾಚಿಕಿ ಬರೂದಿಲ್ಲೇನೋ" ಎಂದು ನಾನು ಕೂಗಿದ್ದು ಅದಕ್ಕೇ. ಪಕ್ಕದ ಮೇಜಿನವರು ಸಾಂಬಾರಿನ ಬಟ್ಟಲು ಎತ್ತಿಕೊಂಡು ಆಚೆ ಸರಿದರು. ನೀನು ಎದ್ದು ಹೋದೆ.

ಆ ಮಾತು ಅಪ್ಪನ ಬಾಯಿಗೆ ಎಲ್ಲಿಂದ ಬಂತು ಎಂದು ನಿನಗೆ ಗೊತ್ತಿಲ್ಲ. ಅವ್ವನ ಸೆರಗು ಹಿಡಿದು ಮಣ್ಣು ತಿನ್ನುತ್ತಿದ್ದ ಕೂಸು ನೀನಾಗ. ನನಗೆ ಹನ್ನೆರಡು ವರ್ಷ. ನಾನು ಕಣ್ಣಾರೆ ಕಂಡಿದ್ದೇನೆ. ಈಗ ಕೇಳು.

ಕಂಪನಿ ನರಗುಂದದಲ್ಲಿ ಮೊಕ್ಕಾಂ ಮಾಡಿತ್ತು. ಮಾಲಕರೇ ರಾಜಪಾರ್ಟು, ಅವರೇ ಹಾಡುವವರು. ಅವರು ಹಾಡುತ್ತಿದ್ದ ಪ್ರತಿ ಪದಕ್ಕೂ ಧಾಟಿ ಕಟ್ಟಿದವನು ಅಪ್ಪ. ಮಾಲಕರಿಗೆ ಕಲಿಸುವಾಗ ಅಪ್ಪ ಬಿಡಾರದಲ್ಲಿ ಹಾಡುತ್ತಿದ್ದ. ನೀರು ಹೊತ್ತುಕೊಂಡು ಹೋಗುವ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರು. ಅಂಥ ಗಂಟಲು. ಸಂತೆಯ ದಿನ ದೊಡ್ಡ ಆಟ ಇತ್ತು. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು. ಪರದೆ ಏಳುವ ಹೊತ್ತಿಗೆ ಮಾಲಕರು ಜ್ವರ ಬಂದು ನೆಲ ಹಿಡಿದರು. "ಈಶಣ್ಣ ಮಾಸ್ತರ್, ವೇಷ ಬ್ಯಾಡ, ಪೇಟಿ ಮುಂದ ತಂದು ಕುಂತು ಹಾಡ್ರಿ ಸಾಕು, ಮಾತು ನಾವು ಸಂಭಾಳಿಸ್ತೀವಿ" ಎಂದು ಪಾತ್ರಧಾರಿಗಳೆಲ್ಲ ಕೈ ಮುಗಿದರು. ಮಾಲಕರೇ ಮಲಗಿದಲ್ಲಿಂದ ಹೇಳಿ ಕಳಿಸಿದರು. ಅವ್ವ ನಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಪರದೆಯ ಹಿಂದೆ ಹೋಗಿ, "ನಿಮ್ಮವ ಪದ ಅದಾವ, ನೀವ ಹಾಡ್ರಿ" ಎಂದಳು. ಜನ ಚಪ್ಪಾಳೆ ತಟ್ಟುತ್ತ, ಸಿಳ್ಳೆ ಹಾಕುತ್ತ ಕಾಯುತ್ತಿದ್ದರು.

ಅಪ್ಪ ಕಾಣೆಯಾದ. ಅರಮನೆಯ ಚಿತ್ರ ಬರೆದ ಪರದೆಗಳನ್ನು ಸುತ್ತಿ ಇಟ್ಟಿದ್ದರಲ್ಲ, ಅವುಗಳ ಹಿಂದೆ ಮೊಣಕಾಲಲ್ಲಿ ತಲೆ ಇಟ್ಟುಕೊಂಡು ಕುಳಿತಿದ್ದ. ಹುಡುಕಿ ಹಿಡಿದವಳು ನಾನು. "ಅಪ್ಪಾ, ಬಾ" ಎಂದು ಕೈ ಎಳೆದೆ. ಅವನು ಕೈ ಬಿಡಿಸಿಕೊಂಡು ಇನ್ನೂ ಮೂಲೆಗೆ ಸರಿದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಆಗ ಹೇಳಿದ ಅವನು, ಮೊದಲ ಸಲ, ನನಗೆ, ಹನ್ನೆರಡು ವರ್ಷದ ಹುಡುಗಿಗೆ: "ಸಾಥ್ ಕೊಡಾಂವ ನೆಳ್ಳಿನಾಗ ಇರಬೇಕವ್ವಾ. ಅದ ಧರ್ಮ." ತಿಳಿಯಿತೇ? ಅದು ಧರ್ಮವಲ್ಲ, ಅಂಜಿಕೆ. ಅಂಜಿಕೆಗೆ ಒಂದು ಶಾಲು ಹೊದಿಸಿ ಮರ್ಯಾದೆಯಾಗಿ ಕೂರಿಸಿದ್ದ. ಆಟ ಆಗಲಿಲ್ಲ. ಜನ ಬೈದುಕೊಂಡು ಎದ್ದು ಹೋದರು, ಬೆಂಚು ಮುರಿದರು. ಆ ಮಳೆಗಾಲ ದಾಟುವ ಮೊದಲು ಕಂಪನಿ ಒಡೆಯಿತು. ನಾವು ಗದಗಿಗೆ ಬಂದೆವು.

ಆಮೇಲೆ ಅಪ್ಪ ಪೇಟಿಯ ಮುಚ್ಚಳ ತೆಗೆಯಲಿಲ್ಲ. ಕಟ್ಟೆಯ ಮೇಲೆ ಕುಳಿತು, ಮುಚ್ಚಿದ ಪೇಟಿಯನ್ನು ಮುಂದೆ ಇಟ್ಟುಕೊಂಡು, ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದ. ಇದು ನಿನಗೂ ನೆನಪಿದೆ. ನೀನು ಟೋನಿಗೆ ಹೇಳಿದ್ದೆಯಂತೆ, ನನ್ನ ತಂದೆ ಎಂಥ ಸಾಧಕ, ಸದ್ದಿಲ್ಲದೆ ಅಭ್ಯಾಸ ಮಾಡುತ್ತಿದ್ದ ಎಂದು. ಅದು ಅಭ್ಯಾಸವಲ್ಲ ಹುಚ್ಚಾ. ನರಗುಂದದಲ್ಲಿ ಹಾಡದ ಪದಗಳನ್ನು ಅವನು ಒಂದೊಂದಾಗಿ ಹಾಡಿಕೊಳ್ಳುತ್ತಿದ್ದ. ತುಟಿ ಅಲುಗುತ್ತಿದ್ದವು. ಅವ್ವ ಅದನ್ನು ನೋಡಲಾರದೆ ಕಟ್ಟೆಗೆ ಬೆನ್ನು ಮಾಡಿ ಕುಳಿತು ಜೋಳ ಬೀಸುತ್ತಿದ್ದಳು. ಅವಳಿಗೆ ಆ ಧಾಟಿ ಎಲ್ಲಿಂದ ಬಂತೆಂದುಕೊಂಡಿದ್ದೀ? ಒಮ್ಮೆ ತಿರುಗಿ ಅವನ ಬೆರಳು ನೋಡಿದರೆ ಸಾಕು, ಅವಳಿಗೆ ಪದ ತಿಳಿಯುತ್ತಿತ್ತು. ಅವನಿಗೆ ಕೇಳಿಸಲಿ ಎಂದು ಅವಳೇ ಗುನುಗುತ್ತಿದ್ದಳು. ಸಾಯುವವರೆಗೆ ಗಂಡನಿಗೆ ಸಾಥ್ ಕೊಟ್ಟವಳು ಅವಳು. ಅವನೋ, ಮುಚ್ಚಳದ ಮೇಲೆ ಬೆರಳಿಟ್ಟುಕೊಂಡೇ ಕಣ್ಣು ಮುಚ್ಚಿದ.

ಭಾನುವಾರ ಕ್ಯಾಂಟೀನಿನಲ್ಲಿ ನೀನು ನನ್ನ ಎದುರು ಕುಳಿತು ಆಗುವುದಿಲ್ಲ, ಆಗುವುದಿಲ್ಲ ಎನ್ನುತ್ತಿದ್ದಾಗ, ನಿನ್ನ ಎಡಗೈ ಮೇಜಿನ ಅಂಚಿನ ಮೇಲಿತ್ತು. ಬೆರಳುಗಳು ಒತ್ತುತ್ತಿದ್ದವು, ಜಾರುತ್ತಿದ್ದವು, ಮತ್ತೆ ಒತ್ತುತ್ತಿದ್ದವು. ನಿನಗೆ ಅದರ ಅರಿವೂ ಇರಲಿಲ್ಲ. ತುಟಿ ಅಲುಗುತ್ತಿದ್ದವು. ನಾನು ಅಲ್ಲಿ ನಿನ್ನನ್ನು ನೋಡಲಿಲ್ಲ ತಮ್ಮಾ. ಕಟ್ಟೆಯ ಮೇಲಿದ್ದವನನ್ನು ನೋಡಿದೆ. ನಾನು ಕೂಗಿದ್ದು ನಿನ್ನ ಮೇಲೊಂದೇ ಅಲ್ಲ. ಆದರೆ ಅವನು ಕೈಗೆ ಸಿಗುವುದಿಲ್ಲ, ನೀನು ಸಿಗುತ್ತೀ.

ಒಂದು ಮನೆಯಲ್ಲಿ ಅದು ಒಂದು ಸಲ ಆದದ್ದು ಸಾಕು. ಎರಡನೆಯ ಸಲ ನಾನು ಬದುಕಿರುವಾಗ ಆಗುವುದಿಲ್ಲ.

ಆದ್ದರಿಂದ ನಿನ್ನೆ ಟೋನಿಯ ಮಗಳಿಗೆ ಫೋನು ಮಾಡಿ ಆಗಲಿ ಎಂದು ಹೇಳಿದ್ದೇನೆ. ಹೌದು, ನಿನ್ನ ಪರವಾಗಿ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೀನು ಏನು ಹೇಳುತ್ತೀ ಎಂದು ಗೊತ್ತಿರುವಾಗ ಕೇಳುವುದು ಯಾತಕ್ಕೆ? ಆ ಹುಡುಗಿ ಅಳತೊಡಗಿದಳು. ಅಳುವುದೆಲ್ಲ ಆಮೇಲೆ, ಮೊದಲು ಪೋಸ್ಟರಿಗೆ ಹೆಸರು ಬರೆದುಕೋ ಎಂದೆ. ಮೃತ್ಯುಂಜಯ ಎಂದು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ. "ಇಷ್ಟುದ್ದವೇ ಮಿಸ್ ಅಕ್ಕಾ?" ಎಂದಳು. ನಮ್ಮವ್ವ ಹೊತ್ತು ಹೆತ್ತ ಮಗ ಇಷ್ಟುದ್ದವೇ ಇದ್ದಾನೆ, ಜಾಗ ಮಾಡು ಎಂದೆ. ಅದರ ಕೆಳಗೆ ಬೇಕಾದರೆ ಸಣ್ಣ ಅಕ್ಷರದಲ್ಲಿ ಟಾಮಾ ಎಂದು ಹಾಕಿಕೊಳ್ಳಲಿ, ಆ ಕಿರುಚುವ ಹೆಂಗಸರಿಗೆ ಗುರುತು ಸಿಗಬೇಕಲ್ಲ.

ನನಗೆ ನಿನ್ನ ಸಂಗೀತ ಹಿಡಿಸುವುದಿಲ್ಲ. ಇವತ್ತಿಗೂ ಇಲ್ಲ, ಇನ್ನು ಈ ವಯಸ್ಸಿನಲ್ಲಿ ಹಿಡಿಸುವುದೂ ಇಲ್ಲ. ಗದ್ದಲ ಬಹಳ. ತಗಡು ಗೀರಿದರೆ ನನಗೆ ಹಲ್ಲು ಜುಂ ಎನ್ನುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಷ್ಟು ವರ್ಷ ಬಾರಿಸಿದವನು ಒಂದು ಸಲ ನಡುವೆ ನಿಲ್ಲಬೇಕು, ನಿಂತು ಬಾಯಿ ತೆರೆಯಬೇಕು. ಗಂಟಲು ಕಟ್ಟಿದರೆ ಕಟ್ಟಲಿ. ತಾಳ ತಪ್ಪಿದರೆ ತಪ್ಪಲಿ. ತಪ್ಪಿದವನನ್ನು ಜನ ಮರುದಿನ ಮರೆಯುತ್ತಾರೆ. ಅಡಗಿದವನು ತಾನೇ ತನ್ನನ್ನು ಮರೆಯುವುದಿಲ್ಲ.

ಶನಿವಾರ ಮಧ್ಯಾಹ್ನ ವಿಜಿ ಕಾರು ತರುತ್ತಾಳೆ. ನಾನೂ ಅದರಲ್ಲೇ ಇರುತ್ತೇನೆ. ನಿನ್ನ ಮಾಮಾ ಮಡಚುವ ಕುರ್ಚಿ ಹೊತ್ತುಕೊಂಡು ಬರುತ್ತಾರೆ, ನಾನು ಎಲ್ಲರಿಗಿಂತ ಮುಂದೆ ಕುಳಿತುಕೊಳ್ಳುತ್ತೇನೆ. ಗಡ್ಡ ಬೋಳಿಸಿಕೊಂಡಿರು. ಆ ತೂತು ಬಿದ್ದ ಕಪ್ಪು ಅಂಗಿ ಹಾಕಬೇಡ, ದೀಪಾವಳಿಗೆ ಕೊಡಿಸಿದ್ದು ಇದೆಯಲ್ಲ, ಅದನ್ನು ಹಾಕು. ಬರುವಾಗ ರೊಟ್ಟಿ ಕಟ್ಟಿ ತರುತ್ತೇನೆ, ಖಾಲಿ ಹೊಟ್ಟೆಯಲ್ಲಿ ಹಾಡಬಾರದು.

ಮತ್ತೆ ಓಡಿ ಹೋಗುವ ಯೋಚನೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ. ನೀನು ಬರದಿದ್ದರೆ ನಾನೇ ಆ ವೇದಿಕೆ ಹತ್ತುತ್ತೇನೆ. ಮೈಕು ಹಿಡಿದು, ಇಲ್ಲಿ ಹಾಡಬೇಕಾದವನು ನನ್ನ ತಮ್ಮ, ಅವನು ಫ್ಲಶಿಂಗಿನ ತನ್ನ ರೂಮಿನಲ್ಲಿ ಅಡಗಿ ಕುಳಿತಿದ್ದಾನೆ ಎಂದು ಇಡೀ ನ್ಯೂಅರ್ಕಿಗೆ ಹೇಳುತ್ತೇನೆ. ನನ್ನ ಇಂಗ್ಲಿಷು ಹೇಗಿದೆ ಎಂದು ನಿನಗೆ ಗೊತ್ತು. ಆ ಅವಮಾನ ನನಗಲ್ಲ, ನಿನಗೆ.

ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ. ಎಷ್ಟು ಕಾಲ ಬಾಳುತ್ತೀಯೋ ಅಷ್ಟು ಕಾಲ ಮುಂದೆ ನಿಂತು ಬಾಳು.

ಸಿಟ್ಟು ಶನಿವಾರದವರೆಗೆ ಇಳಿಯದ,
ನಿನ್ನ ಅಕ್ಕ
ಶಿವಲಿಂಗಮ್ಮ